ಮರಳಿನಡಿಯಿಂದ ಮರಳಿ ಬಂದ ಹಳ್ಳಿ

ನಿಮ್ಮ ಊರಿನಲ್ಲಿ ಬಳಕೆ ತಪ್ಪಿದ ಹಗೇವು ಒಂದಿದ್ದರೆ ಅದರೊಳಗೆ ಒಮ್ಮೆ ಇಣುಕಿ ನೋಡಿ. ಜೋಳವಾಗಲಿ ರಾಗಿಯಾಗಲಿ ಅಲ್ಲಿರುವುದಿಲ್ಲ. ಒಡೆದ ಗಡಿಗೆ, ಒಲೆಯ ಬೂದಿ, ಕೋಳಿಯ ಮೂಳೆ, ಹರಿದ ಚಪ್ಪಲಿ, ಈಚೀಚೆಗೆ ಪ್ಲಾಸ್ಟಿಕ್ ಚೀಲ, ಇವೇ ತುಂಬಿಕೊಂಡಿರುತ್ತವೆ. ತೆರೆದ ಗುಂಡಿ ಸಿಕ್ಕಿದರೆ ಅದನ್ನು ತಿಪ್ಪೆ ಮಾಡುವುದು ಮನುಷ್ಯನ ಸ್ವಭಾವ. ಈಗ ಯೋಚಿಸಿ. ಸಾವಿರ ವರ್ಷ ಕಳೆದ ಮೇಲೆ ಯಾರೋ ಪಂಡಿತರು ಬಂದು ಆ ಹಗೇವನ್ನು ಅಗೆದು, ಇಲ್ಲಿಯ ಜನ ಗುಂಡಿಯೊಳಗೆ ಕಸದ ನಡುವೆ ಕುಳಿತು ಉಣ್ಣುತ್ತಿದ್ದರು ಎಂದು ಬರೆದರೆ ನಮಗೆ ಹೇಗೆನಿಸೀತು?

ಇಂಗ್ಲೆಂಡಿನಲ್ಲಿ ಹೆಚ್ಚು ಕಡಿಮೆ ಹೀಗೆಯೇ ಆಯಿತು. ಅಲ್ಲಿನ ಸಟ್ಟನ್ ಕೋರ್ಟನೇ ಎಂಬಲ್ಲಿ 1920 ಮತ್ತು 1930ರ ದಶಕಗಳಲ್ಲಿ ಲೀಡ್ಸ್ ಎಂಬ ವಿದ್ವಾಂಸರು ಹಳೆಯ ಹಳ್ಳಿಯೊಂದರ ನೆಲವನ್ನು ಅಗೆದರು. ಮಂಡಿ ಆಳದ ಗುಂಡಿಗಳು ಹಲವು ಸಿಕ್ಕವು. ಅವುಗಳ ತುಂಬ ಮೂಳೆ, ಒಡೆದ ಮಡಕೆ, ಬೂದಿ. ಗುಂಡಿಗಳ ಎರಡು ತುದಿಗೆ ಕಂಬ ನೆಟ್ಟ ಗುರುತು. ಅದನ್ನು ಕಂಡು, ಆಂಗ್ಲೋ-ಸ್ಯಾಕ್ಸನ್ ಎಂದು ಕರೆಸಿಕೊಳ್ಳುವ ಇಂಗ್ಲಿಷರ ಪೂರ್ವಜರು ಇಂಥ ಹೊಲಸು ಕುಣಿಗಳಲ್ಲಿ ಬಾಳಿದ ಬಡಪಾಯಿಗಳು ಎಂದು ಅವರು ತೀರ್ಮಾನಿಸಿದರು. ಬಹುಕಾಲ ಆ ಮಾತೇ ಪುಸ್ತಕಗಳಲ್ಲಿ ಉಳಿಯಿತು. ಅದನ್ನು ಅಲ್ಲಾಡಿಸಿದ ಒಂದು ಹಳ್ಳಿಯ ವಿಷಯವನ್ನು ಈ ವಾರ ಹೇಳಬೇಕೆಂದಿದ್ದೇನೆ. ಅದನ್ನು ಅಗೆದು ನೋಡಿದರಷ್ಟೇ ಅಲ್ಲ, ಅಗೆದ ಜಾಗದಲ್ಲೇ ಆ ಹಳ್ಳಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಕೊಳಚೆ ನೀರಿನ ಜಮೀನು

ಲಂಡನ್ನಿನಿಂದ ಈಶಾನ್ಯಕ್ಕೆ ಸಫೋಕ್ ಎಂಬ ಜಿಲ್ಲೆ ಇದೆ. ಅಲ್ಲಿಯ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಲಾರ್ಕ್ ಎಂಬ ಸಣ್ಣ ಹೊಳೆಯ ದಂಡೆಯ ಮೇಲೆ ವೆಸ್ಟ್ ಸ್ಟೋ ಎಂಬ ಜಾಗ. ಅದು ಬರೀ ಮರಳು ಭೂಮಿ. ಯಾರೂ ಆಸೆಪಟ್ಟು ಉಳುವಂಥದ್ದಲ್ಲ. 1849ರಲ್ಲಿ ಜಲ್ಲಿ ತೆಗೆಯುವ ಕೂಲಿಗಳಿಗೆ ಅಲ್ಲಿ ಹಳೆಯ ಗೋರಿಗಳು ಸಿಕ್ಕಿದ್ದವು. ಆಮೇಲೆ 1887ರಿಂದ 1962ರವರೆಗೆ ಪಟ್ಟಣದ ಕೊಳಚೆ ನೀರನ್ನು ಹರಿಸಿ ಇಂಗಿಸಲು ಆ ಭೂಮಿಯನ್ನು ಬಳಸಿದರು. ನಮ್ಮ ಊರುಗಳ ಹೊರಗೆ ಚರಂಡಿ ನೀರಿನಲ್ಲಿ ಹುಲ್ಲು ಬೆಳೆಯುವ ಜಮೀನುಗಳಿರುತ್ತವಲ್ಲ, ಅಂಥದ್ದೇ ಅದೂ ಎಂದುಕೊಳ್ಳಿ.

ಈ ಬೇಡವಾದ ಜಾಗದಲ್ಲಿ 1965ರಿಂದ 1972ರವರೆಗೆ ಸ್ಟ್ಯಾನ್ಲಿ ವೆಸ್ಟ್ ಎಂಬ ಪುರಾತತ್ವಜ್ಞರು ದೊಡ್ಡ ಉತ್ಖನನ ನಡೆಸಿದರು. ಮರಳಿನಲ್ಲಿ ಅಗೆಯುವುದು ಸುಲಭವಲ್ಲ. ಆದರೆ ಅದರಲ್ಲೊಂದು ಅನುಕೂಲವೂ ಇದೆ. ಮರದ ಕಂಬ ಮಣ್ಣಿನಲ್ಲಿ ಕೊಳೆತು ಮಾಯವಾದರೂ ಅದು ನಿಂತಿದ್ದ ಕಡೆ ಕಪ್ಪು ಕಲೆ ಉಳಿಯುತ್ತದೆ. ತಿಳಿ ಬಣ್ಣದ ಮರಳಿನ ಮೇಲೆ ಆ ಕಲೆಗಳು ಎದ್ದು ಕಾಣುತ್ತವೆ. ಹಾಗೆ ಕಲೆಗಳನ್ನು ಗುರುತಿಸುತ್ತ ಹೋದಾಗ ಏಳು ದೊಡ್ಡ ಮನೆಗಳ ತಳಪಾಯವೂ, ಅವುಗಳ ಸುತ್ತ ಸುಮಾರು 70 ಗುಂಡಿಮನೆಗಳ ಜಾಗವೂ ಗೊತ್ತಾಯಿತು. ಇವೆಲ್ಲ ಒಂದೇ ಕಾಲದವಲ್ಲ. ಕ್ರಿ.ಶ. 420ರ ಸುಮಾರಿನಿಂದ 650ರ ಸುಮಾರಿನವರೆಗೆ ಒಂದು ಹಾಳಾದಂತೆ ಇನ್ನೊಂದನ್ನು ಕಟ್ಟುತ್ತ ಬಂದವು. ಯಾವುದೇ ಒಂದು ಕಾಲದಲ್ಲಿ ಅಲ್ಲಿ ಇದ್ದದ್ದು ಮೂರು ನಾಲ್ಕು ಕುಟುಂಬ ಮಾತ್ರ. ಒಂದೊಂದು ಕುಟುಂಬಕ್ಕೆ ಒಂದು ದೊಡ್ಡಮನೆ, ಅದರ ಸುತ್ತ ಕೆಲಸಕ್ಕೂ ಮಲಗುವುದಕ್ಕೂ ಕೆಲವು ಚಿಕ್ಕ ಮನೆಗಳು. ನಮ್ಮಲ್ಲಿ ಬನವಾಸಿಯ ಕದಂಬರು ಆಳಿ, ಬಾದಾಮಿಯ ಚಾಲುಕ್ಯರು ತಲೆ ಎತ್ತಿದ ಕಾಲವದು. ಬ್ರಿಟನ್ನಿನಲ್ಲಿ ರೋಮನರ ಆಳ್ವಿಕೆ ಮುಗಿದು, ಇಂದಿನ ಜರ್ಮನಿ ಮತ್ತು ಡೆನ್ಮಾರ್ಕ್ ಕಡೆಯಿಂದ ಕಡಲು ದಾಟಿ ಬಂದವರು ನೆಲೆಯೂರುತ್ತಿದ್ದರು.

ಗುಂಡಿಯೇ ನೆಲವೋ, ಗುಂಡಿಯ ಮೇಲೆ ನೆಲವೋ?

ಇಲ್ಲಿಗೆ ಬಂದಾಗ ವೆಸ್ಟ್ ಅವರಿಗೆ ಹಳೆಯ ಮಾತಿನ ಮೇಲೆ ಸಂಶಯ ಹುಟ್ಟಿತು. ಮೊದಲನೆಯದಾಗಿ, ಇದು ಸಡಿಲ ಮರಳು. ನೀವು ಮರಳಿನಲ್ಲಿ ಒಂದು ಕುಣಿ ತೆಗೆದು ಅದರೊಳಗೆ ನಾಲ್ಕು ದಿನ ಹತ್ತಿ ಇಳಿದು ಮಾಡಿದರೆ ಅಂಚು ಉಳಿಯುತ್ತದೆಯೇ? ಕುಸಿದು ಬೋಗುಣಿಯಂತಾಗುತ್ತದೆ. ಆದರೆ ಸಿಕ್ಕ ಗುಂಡಿಗಳ ಅಂಚು ತುಳಿದು ಸವೆದಂತೆ ಇರಲಿಲ್ಲ. ತಳದಲ್ಲಿಯೂ ಜನ ನಡೆದಾಡಿ ಗಟ್ಟಿಯಾದ ನೆಲ ಕಾಣಲಿಲ್ಲ. ಕೆಲವು ಕಡೆ ಒಲೆಯ ಜೇಡಿಮಣ್ಣು ಮೇಲಿನಿಂದ ಗುಂಡಿಯೊಳಕ್ಕೆ ಕುಸಿದು ಬಿದ್ದಂತಿತ್ತು. ಒಲೆ ಮೇಲೆಯೇ ಇತ್ತು ಎಂದಾಯಿತು. ಬೆಂಕಿಗೆ ಆಹುತಿಯಾದ ಮನೆಗಳ ಗುಂಡಿಯಲ್ಲಿ ಸುಟ್ಟ ಹಲಗೆಗಳೂ, ಮಗ್ಗದ ನೂಲಿಗೆ ಭಾರ ಕಟ್ಟುವ ಮಣ್ಣಿನ ಬಳೆಗಳೂ ಸಿಕ್ಕವು. ಇವನ್ನೆಲ್ಲ ಕೂಡಿಸಿ ನೋಡಿದ ವೆಸ್ಟ್, ಗುಂಡಿಯ ಮೇಲೆ ಹಲಗೆ ಹಾಸಿದ್ದರು, ಜನ ಬಾಳಿದ್ದು ಹಲಗೆಯ ಮೇಲೆ, ಗುಂಡಿ ಇದ್ದದ್ದು ಕೆಳಗೆ ಗಾಳಿಯಾಡಿ ನೆಲ ಒಣಗಿರಲೆಂದು ಎಂದರು. ಗುಂಡಿಯಲ್ಲಿ ಸಿಕ್ಕ ಕಸ? ಮನೆ ಬಿಚ್ಚಿದ ಮೇಲೆ ಉಳಿದ ಕುಣಿಯನ್ನು ನೆರೆಯವರು ತಿಪ್ಪೆ ಮಾಡಿಕೊಂಡದ್ದು. ಪಂಡಿತರಿಗೆ ಇಷ್ಟು ಹೊಳೆಯಲು ಐವತ್ತು ವರ್ಷ ಬೇಕಾಯಿತು. ಹಗೇವು ಕಂಡಿದ್ದ ನಮ್ಮ ಯಾವ ರೈತನೂ ಒಂದು ಗಳಿಗೆಯಲ್ಲಿ ಹೇಳುತ್ತಿದ್ದ.

ಈ ಮಾತು ಸುಮ್ಮನೆ ಹೇಳಿದ್ದಲ್ಲ. ಒಂದು ರೈತ ಸಭೆಯಲ್ಲಿ ನಾನು ಆ ಮನೆಯ ಚಿತ್ರವನ್ನು ತೋರಿಸಿದಾಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಹಗೇವಿನ ಮ್ಯಾಲ ಮನಿ ಕಟ್ಯಾರಲ್ರಿ" ಎಂದರು. ಕಾಳು ಹಾಕುತ್ತಿದ್ದರೋ ಇಲ್ಲವೋ ಅದು ಬೇರೆ ಮಾತು. ಗುಂಡಿ ಮತ್ತು ನೆಲ ಬೇರೆ ಬೇರೆ ಎಂಬುದನ್ನು ಅವರು ನೋಡಿದೊಡನೆ ಹಿಡಿದುಬಿಟ್ಟರು.

ವಾದ ಕಾಗದದ ಮೇಲೆ ಉಳಿಯಬಾರದೆಂದು 1974ರಲ್ಲಿ ಕೇಂಬ್ರಿಜ್ಜಿನ ವಿದ್ಯಾರ್ಥಿಗಳ ಗುಂಪೊಂದು ಅದೇ ನೆಲದ ಮೇಲೆ ಮನೆ ಕಟ್ಟಲು ಮುಂದಾಯಿತು. ಇಲ್ಲಿ ನಾನು ಮೆಚ್ಚಿದ್ದು ಒಂದು ಸಂಗತಿ. ಹೊಸ ವಾದಕ್ಕೆ ಹೊಂದುವ ಹಲಗೆ ನೆಲದ ಮನೆಯನ್ನು ಮಾತ್ರ ಕಟ್ಟಿ ಅವರು ಕೈ ತೊಳೆದುಕೊಳ್ಳಲಿಲ್ಲ. ಗುಂಡಿಯ ತಳವೇ ನೆಲವಾಗಿರುವ ಹಳೆಯ ವಾದದ ಮನೆಯನ್ನೂ ಪಕ್ಕದಲ್ಲಿ ಕಟ್ಟಿದರು. ಎರಡೂ ಅದೇ ಮಳೆ, ಅದೇ ಗಾಳಿ, ಅದೇ ಮರಳಿನಲ್ಲಿ ನಿಂತವು. ನಾವು ಪ್ರಾತ್ಯಕ್ಷಿಕೆ ತಾಕಿನ ಪಕ್ಕದಲ್ಲಿ ರೈತರ ಪದ್ಧತಿಯ ತಾಕನ್ನೂ ಬಿಡುತ್ತೇವಲ್ಲ, ಅದೇ ಕ್ರಮ. ಹೋಲಿಸಲು ಪಕ್ಕದ ತಾಕು ಇಲ್ಲದ ಪ್ರಯೋಗ ಪ್ರಯೋಗವಲ್ಲ, ಜಾಹೀರಾತು.

ಕಟ್ಟುವಾಗ ಅವರಿಗೆ ತಿಳಿದ ಸಂಗತಿಗಳಲ್ಲಿ ನಮ್ಮ ಬಡಗಿಗಳಿಗೆ ಆಶ್ಚರ್ಯವಾಗುವಂಥದ್ದು ಕಡಿಮೆ. ಓಕ್ ಮರವನ್ನು ಆ ಕಾಲದವರು ಗರಗಸದಿಂದ ಕೊಯ್ಯುತ್ತಿರಲಿಲ್ಲ. ಬೆಣೆ ಹೊಡೆದು ಸೀಳುತ್ತಿದ್ದರು. ಹಸಿ ಮರ ಸುಲಭವಾಗಿ ಸೀಳುತ್ತದೆ, ಒಣಗಿದ ಮೇಲೆ ಕಬ್ಬಿಣವೇ. ಎಳೆ ಹಿಡಿದು ಸೀಳಿದ ಹಲಗೆಯ ಮೇಲೆ ನೀರು ಜಾರಿ ಹೋಗುತ್ತದೆ. ಕೊಯ್ದ ಹಲಗೆಯಲ್ಲಿ ಎಳೆ ತುಂಡಾಗಿ ನೀರು ಒಳಗಿಳಿಯುತ್ತದೆ. ಇನ್ನು ನೆಟ್ಟ ಕಂಬ ಎಲ್ಲಿ ಕೊಳೆಯುತ್ತದೆ ಎಂದು ಬೇಲಿ ಹಾಕಿದ ಯಾರನ್ನು ಕೇಳಿದರೂ ಗೊತ್ತು. ತುದಿಯಲ್ಲಲ್ಲ, ಬುಡದಲ್ಲೂ ಅಲ್ಲ, ಸರಿಯಾಗಿ ನೆಲಮಟ್ಟದಲ್ಲಿ. ಅಲ್ಲಿ ಗಾಳಿಯೂ ಸಿಗುತ್ತದೆ, ತೇವವೂ ಸಿಗುತ್ತದೆ.

ಮನೆಗಳಿಗೆ ಹೊಗೆ ಹೋಗಲು ಗೂಡಿಲ್ಲ. ಹೊಗೆ ಹುಲ್ಲಿನ ಮಾಡಿನಲ್ಲಿಯೇ ಸೋಸಿಕೊಂಡು ಹೊರಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ತೆನೆ ಕಟ್ಟಿಡುತ್ತಿದ್ದ ನಮ್ಮ ಹೆಣ್ಣುಮಕ್ಕಳಿಗೆ ಇದರ ಲಾಭವನ್ನು ವಿವರಿಸಬೇಕಾಗಿಲ್ಲ. ಕಣ್ಣಿಗೆ ಎದೆಗೆ ಆಗುವ ತೊಂದರೆಯನ್ನೂ ವಿವರಿಸಬೇಕಾಗಿಲ್ಲ.

ಹುಲ್ಲಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಗೋಧಿ ಹುಲ್ಲಿನ ಮಾಡು ಹೊದಿಸುವವರಿದ್ದಾರೆ. ಅವರಿಗೆ ಹುಲ್ಲು ಸಿಗುವುದೇ ಕಷ್ಟವಾಯಿತು. ಹೊಸ ಗೋಧಿ ತಳಿಗಳ ದಂಟು ಮೋಟು, ಮೇಲಾಗಿ ಕಟಾವು ಮಾಡಿ ಒಕ್ಕುವ ಯಂತ್ರ ಇದ್ದ ದಂಟನ್ನೂ ಮುರಿದು ಹಾಕುತ್ತದೆ. ಅದಕ್ಕಾಗಿ ಮ್ಯಾರಿಸ್ ವಿಜನ್ ಎಂಬ 1964ರ ಎತ್ತರದ ಗೋಧಿ ತಳಿಯನ್ನು ಬರೀ ಹುಲ್ಲಿಗಾಗಿ ಬೆಳೆದು, ಹಳೆಯ ಕಾಲದ ಸಿವುಡು ಕಟ್ಟುವ ಯಂತ್ರದಿಂದ ಕೊಯ್ಯುವ ರೈತರಿದ್ದಾರೆ. ನಮ್ಮ ಒಣಭೂಮಿ ರೈತರು ಎಷ್ಟು ಹೇಳಿದರೂ ಹಿಂಗಾರಿಯಲ್ಲಿ ಮಾಲದಂಡಿ ಜೋಳವನ್ನು ಕೈಬಿಡದಿರುವುದು ಏಕೆ? ಕಾಳಿನ ರುಚಿ ಒಂದು ಕಾರಣ, ದನಗಳ ಮೇವು ಇನ್ನೊಂದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಹಟಮಾರಿತನ ಎಂದುಕೊಂಡಿದ್ದೆ. ಕಾಳಿನ ಇಳುವರಿಯ ಕೋಷ್ಟಕವನ್ನು ಓದಿದ್ದ ನಾನು ಕಣಿಕೆಯ ಬೆಲೆಯನ್ನು ಕೇಳಿಯೇ ಇರಲಿಲ್ಲ.

ನೋಡಲಿಕ್ಕೆ ಕೂರಿಗೆ

ಕಟ್ಟಿ ನೋಡಿದರೆ ಮಾತ್ರ ಗೊತ್ತಾಗುತ್ತದೆ ಎಂಬುದನ್ನು ನಾನು ಕಲಿತದ್ದು ಇಂಗ್ಲೆಂಡಿನವರಿಂದಲ್ಲ, ನನ್ನ ಕೆಲಸದ ಊರಿನ ಅಜ್ಜಿಯೊಬ್ಬರಿಂದ. ಕೆಲವು ವರ್ಷಗಳ ಹಿಂದೆ ಒಂದು ಕೃಷಿ ಮೇಳದ ಮಳಿಗೆಗೆ ಹಳೆಯ ಉಪಕರಣಗಳನ್ನು ಜೋಡಿಸುವ ಹೊಣೆ ನನ್ನ ಮೇಲೆ ಬಿತ್ತು. ಹಳ್ಳಿಯಲ್ಲಿ ಹುಡುಕಿದರೆ ಮುರುಕು ಕೂರಿಗೆಯೂ ಸಿಗಲಿಲ್ಲ. ಟ್ರ್ಯಾಕ್ಟರಿನ ಬಿತ್ತನೆ ಯಂತ್ರ ಬಂದ ಮೇಲೆ ಒಲೆಗೆ ಹೋಗಿದ್ದವು. ಒಂದು ಚಿತ್ರ ಕೊಟ್ಟು ಬಡಗಿಯಿಂದ ಹೊಸದಾಗಿ ಮಾಡಿಸಿದೆ. ದಿಂಡು, ತಾಳು, ಈಸು, ಬಟ್ಟಲು, ಬಿದಿರಿನ ಕೊಳವೆ, ಎಲ್ಲ ಇತ್ತು. ಬಣ್ಣ ಬಳಿಸಿ ಹೂವಿನ ಹಾರವನ್ನೂ ಹಾಕಿಸಿದೆ. ಮೇಳಕ್ಕೆ ಬಂದಿದ್ದ ಒಬ್ಬ ಅಜ್ಜಿ ಬಟ್ಟಲಿನೊಳಗೆ ಕೈ ಹಾಕಿ, ತೂತುಗಳನ್ನು ಬೆರಳಿನಿಂದ ಸವರಿ ನೋಡಿ, "ಸಾಹೇಬ್ರ, ಇದು ನೋಡಾಕ ಕೂರಿಗಿ ಐತ್ರಿ. ಬಿತ್ತಾಕ ಅಲ್ಲ" ಎಂದು ಮುಂದಕ್ಕೆ ಹೋದರು. ಮರುದಿನ ಬೀಜ ಹಾಕಿ ನೋಡಿದೆವು. ಒಂದು ತಾಳಿನಲ್ಲಿ ಬೀಜ ಸುರಿಯಿತು, ಎರಡರಲ್ಲಿ ಕಟ್ಟಿಕೊಂಡಿತು.

ಅದಾದ ಮೇಲೆ ಯಾವುದೇ ವಸ್ತುಸಂಗ್ರಹಾಲಯಕ್ಕೆ ಹೋದರೂ ನನಗೆ ಆ ಅಜ್ಜಿಯ ಮಾತು ನೆನಪಾಗುತ್ತದೆ. ನಮ್ಮಲ್ಲಿಯೂ ಒಳ್ಳೆಯ ಪ್ರಯತ್ನಗಳಿವೆ. ಮಣಿಪಾಲದಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಹಳ್ಳಿಯ ಬದುಕಿನ ಶಿಲ್ಪಗಳಿವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆದರೆ ವೆಸ್ಟ್ ಸ್ಟೋ ಹಳ್ಳಿಯ ರೀತಿಯೇ ಬೇರೆ. ಅಲ್ಲಿ ನಿಂತಿರುವ ಯಾವ ಮನೆಯೂ ಹಳೆಯದಲ್ಲ. ಒಂದೊಂದು ಮನೆಯೂ ಒಂದು ಪ್ರಶ್ನೆ.

ಹಲ್ಲು ನೋಡಿ ಊರಿನ ಲೆಕ್ಕ

ಆ ಊರಿನವರು ಏನು ಬೆಳೆಯುತ್ತಿದ್ದರು, ಏನು ಸಾಕುತ್ತಿದ್ದರು? ಕಾಳಿನ ವಿಷಯ ತಿಳಿದದ್ದು ಸುಟ್ಟ ಕಾಳಿನಿಂದ. ಹಸಿ ಕಾಳು ಮಣ್ಣಿನಲ್ಲಿ ಕೊಳೆಯುತ್ತದೆ, ಇದ್ದಿಲಾದ ಕಾಳನ್ನು ಹುಳವೂ ಮುಟ್ಟುವುದಿಲ್ಲ, ಶಿಲೀಂಧ್ರವೂ ಮುಟ್ಟುವುದಿಲ್ಲ. ಗೋಧಿ, ಬಾರ್ಲಿ, ರೈ, ಓಟ್ಸ್ ಅವರ ಬೆಳೆಗಳು. ಇವುಗಳಲ್ಲಿ ರೈ ಎಂಬುದು ನಮ್ಮ ನವಣೆ, ಸಾವೆಗಳಂತೆ ಬಡ ಭೂಮಿಯ ಮಿತ್ರ. ಹುಳಿ ಮಣ್ಣು, ಮರಳು, ಚಳಿ ಏನಿದ್ದರೂ ಅಷ್ಟಿಷ್ಟು ಕೊಟ್ಟೇ ಕೊಡುತ್ತದೆ.

ಸಾಕುಪ್ರಾಣಿಗಳ ವಿಷಯ ಇನ್ನೂ ಸ್ವಾರಸ್ಯಕರ. ಗುಂಡಿಗಳಲ್ಲಿ ಸಿಕ್ಕ ಮೂಳೆಗಳು ಒಂದೂವರೆ ಲಕ್ಷಕ್ಕೂ ಹೆಚ್ಚು. ಪ್ಯಾಮ್ ಕ್ರ್ಯಾಬ್‌ಟ್ರೀ ಎಂಬ ಅಮೆರಿಕದ ವಿದ್ವಾಂಸೆ ಇವನ್ನು ಅಭ್ಯಾಸ ಮಾಡಿದರು. ದವಡೆಯ ಹಲ್ಲು ಎಷ್ಟು ಬಂದಿವೆ, ಎಷ್ಟು ಸವೆದಿವೆ ಎಂದು ನೋಡಿ ಪ್ರಾಣಿ ಯಾವ ವಯಸ್ಸಿನಲ್ಲಿ ಸತ್ತಿತೆಂದು ಹೇಳುತ್ತಾರೆ. ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆದು ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು ಎಂದು ನೀವು ಹೇಳುವ ವಿದ್ಯೆಯ ಅಣ್ಣತಮ್ಮನೇ ಇದು. ಅವರು ಕಂಡುಕೊಂಡದ್ದೇನೆಂದರೆ, ಕುರಿಗಳಲ್ಲಿ ಎಳೆಯವೂ ಇದ್ದವು, ವಯಸ್ಸಾದವೂ ಇದ್ದವು. ಮಾಂಸ, ಹಾಲು, ಉಣ್ಣೆ ಮೂರಕ್ಕೂ ಸಾಕುತ್ತಿದ್ದರು. ಯಾವುದೋ ಒಂದನ್ನು ಪೇಟೆಗೆ ಕಳಿಸಲು ಸಾಕಿದ್ದಲ್ಲ. ಅದೇ ಸೀಮೆಯ ಬ್ರ್ಯಾಂಡನ್ ಎಂಬಲ್ಲಿ ನೂರಿನ್ನೂರು ವರ್ಷಗಳ ಆಮೇಲಿನ ಮೂಳೆ ನೋಡಿದರೆ ಬಲಿತ ಕುರಿಗಳೇ ಹೆಚ್ಚು. ಅಲ್ಲಿಗೆ ಉಣ್ಣೆಯ ವ್ಯಾಪಾರ ಬಂದಿತ್ತು.

ಇನ್ನೊಂದು ಸಂಗತಿ. ಊರು ಕಟ್ಟಿದ ಮೊದಲ ಕಾಲದ ಪದರದಲ್ಲಿ ಹಂದಿಯ ಮೂಳೆಗಳ ಪಾಲು ಆಮೇಲಿನದಕ್ಕಿಂತ ಹೆಚ್ಚು. ಕಾರಣ ಸರಳ. ಹೊಸ ನೆಲಕ್ಕೆ ಬಂದವನ ಹತ್ತಿರ ದೊಡ್ಡ ಮಂದೆ ಇರುವುದಿಲ್ಲ. ಹಸು ವರ್ಷಕ್ಕೆ ಒಂದು ಕರು ಹಾಕಿದರೆ ಹೆಚ್ಚು. ಹಂದಿ ಒಂದು ಸೂಲಿನಲ್ಲಿ ಎಂಟು ಹತ್ತು ಮರಿ ಹಾಕುತ್ತದೆ, ಬೇಗ ಬೆಳೆಯುತ್ತದೆ. ದನ ಕುರಿಗಳ ಮಂದೆ ಬೆಳೆಯುವವರೆಗೆ ಹಂದಿ ತಿಂದು ಕಾಲ ಕಳೆದರು. ಏನೂ ಇಲ್ಲದೆ ಬೇರೆ ಊರಿಗೆ ಹೋಗಿ ನೆಲೆನಿಂತ ನಮ್ಮ ಕುಟುಂಬಗಳನ್ನು ನೋಡಿ. ಕೋಳಿ, ಆಡಿನಿಂದ ಆರಂಭಿಸಿದವರು ಹಸುವಿಗೆ ಬರುತ್ತಾರೆ. ಸಾಲ ಸಿಕ್ಕಿತೆಂದು ಮೊದಲ ದಿನವೇ ಹದಿನೈದು ಲೀಟರಿನ ಹಸು ಕಟ್ಟಿ ಮೇವಿಲ್ಲದೆ ಮಾರಿದವರನ್ನೂ ನಾನು ಕಂಡಿದ್ದೇನೆ, ನೀವೂ ಕಂಡಿರುತ್ತೀರಿ.

ಕ್ರ್ಯಾಬ್‌ಟ್ರೀ ಇನ್ನೂ ಒಂದು ಹೋಲಿಕೆ ಮಾಡಿದರು. ಹತ್ತಿರದ ಇಕ್ಲಿಂಗ್‌ಹ್ಯಾಮ್‌ನಲ್ಲಿ ರೋಮನರ ಕಾಲದ ದನಗಳ ಮೂಳೆ ಸಿಕ್ಕಿದ್ದವು. ಅವುಗಳ ಗಾತ್ರವೂ ವೆಸ್ಟ್ ಸ್ಟೋ ದನಗಳ ಗಾತ್ರವೂ ಹೆಚ್ಚು ಕಡಿಮೆ ಒಂದೇ. ಅಂದರೆ ಕಡಲಾಚೆಯಿಂದ ಬಂದವರು ತಮ್ಮ ದನಗಳನ್ನು ಹಡಗಿನಲ್ಲಿ ಹೇರಿಕೊಂಡು ಬರಲಿಲ್ಲ. ಆ ಮಣ್ಣಿಗೆ, ಆ ಹುಲ್ಲಿಗೆ ಒಗ್ಗಿದ ಸ್ಥಳೀಯ ದನಗಳನ್ನೇ ಹಿಡಿದು ಸಾಕಿದರು. ಭಾಷೆ ಬದಲಾಯಿತು, ದೇವರು ಬದಲಾದರು, ದನ ಬದಲಾಗಲಿಲ್ಲ.

ಮನೆಗಳಲ್ಲಿ ನೇಯುತ್ತಿದ್ದರು ಎನ್ನಲು ಮಣ್ಣಿನ ಭಾರಗಳೇ ಸಾಕ್ಷಿ. ನಮ್ಮ ಇಳಕಲ್ಲಿನ ಕುಣಿಮಗ್ಗದಲ್ಲಿ ನೇಕಾರ ಕಾಲು ಇಳಿಬಿಟ್ಟು ಕೂರಲು ಗುಂಡಿ ಬೇಕು. ಇವರ ಮಗ್ಗ ಗೋಡೆಗೆ ಒರಗಿ ನಿಲ್ಲುವಂಥದ್ದು. ಹಾಸಿನ ನೂಲು ಮೇಲಿನಿಂದ ಕೆಳಗೆ ಇಳಿಬಿದ್ದು, ತುದಿಗೆ ಮಣ್ಣಿನ ಬಳೆ ಕಟ್ಟಿರುತ್ತದೆ. ಬಳೆಗಳು ಬಿದ್ದ ಸಾಲನ್ನು ಅಳೆದರೆ ಬಟ್ಟೆಯ ಅಗಲವೂ ಅಂದಾಜಿಗೆ ಸಿಗುತ್ತದೆ. ಈ ಮಗ್ಗವನ್ನೂ ಅಲ್ಲಿ ಮಾಡಿ ನಿಲ್ಲಿಸಿದ್ದಾರೆ. ಹಂದಿ, ಕೋಳಿಗಳನ್ನೂ ಸಾಕುತ್ತ ಬಂದಿದ್ದಾರೆ. ಶಾಲೆಯ ಮಕ್ಕಳು ಬಂದು ರೊಟ್ಟಿಗೆ ಹಿಟ್ಟು ಬೀಸಿ, ಉಣ್ಣೆ ನೂತು ಹೋಗುತ್ತಾರೆ. ನಡೆಸುತ್ತಿರುವುದು ಅಲ್ಲಿಯ ಸ್ಥಳೀಯ ಸಂಸ್ಥೆ.

ಊರನ್ನು ನುಂಗಿದ ಮರಳು

ಇಷ್ಟೆಲ್ಲ ಉಳಿದದ್ದು ಹೇಗೆ ಎಂದು ಕೇಳಬೇಕು. ಹೊಲದಲ್ಲಿ ಮೊಳದುದ್ದ ಆಳ ಉತ್ತರೆ ಇಂಥ ಕುರುಹುಗಳೆಲ್ಲ ಅಳಿಸಿ ಹೋಗುತ್ತವೆ. ವೆಸ್ಟ್ ಸ್ಟೋವನ್ನು ಉಳಿಸಿದ್ದು ಒಂದು ಅನಾಹುತ. ಊರು ಬಿಟ್ಟು ಕೆಲವು ಶತಮಾನಗಳ ಮೇಲೆ ಅಲ್ಲಿ ಉಳುಮೆ ನಡೆಯಿತು. ಕ್ರಿ.ಶ. 1300ರ ಸುಮಾರಿಗೆ ಗಾಳಿ ಹೊತ್ತು ತಂದ ಮರಳು ಆ ಹೊಲದ ಮೇಲೆ ದಪ್ಪವಾಗಿ ಕೂತಿತು. ಉಳುವವನು ಬಿಟ್ಟು ಹೋದ. ಮರಳಿನ ಕೆಳಗೆ ಅವನ ನೇಗಿಲ ಸಾಲುಗಳೂ ಉಳಿದವು, ಸಾಲಿನ ಕೆಳಗೆ ಹಳೆಯ ಊರೂ ಉಳಿಯಿತು. ನಮ್ಮ ತಲಕಾಡನ್ನು ಕಂಡವರಿಗೆ ಇದು ಹೊಸತಲ್ಲ.

ಆ ಸೀಮೆಗೆ ಬ್ರೆಕ್‌ಲ್ಯಾಂಡ್ ಎಂದು ಹೆಸರು. ಸುಣ್ಣಕಲ್ಲಿನ ಮೇಲೆ ತೆಳುವಾಗಿ ಹರಡಿದ ಮರಳು. ಇಂಗ್ಲೆಂಡಿನಲ್ಲಿಯೇ ಒಣ ಪ್ರದೇಶ. ಮಳೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಲೆಕ್ಕಕ್ಕೆ ನಮ್ಮ ವಿಜಯಪುರದಷ್ಟೇ. ಆದರೆ ಅಲ್ಲಿ ಚಳಿ, ಮಳೆ ವರ್ಷದುದ್ದಕ್ಕೂ ಹರಡಿ ಬರುತ್ತದೆ. ಬೇಸಿಗೆಯ ತಿಂಗಳಲ್ಲೂ ಒಮ್ಮೊಮ್ಮೆ ಇಬ್ಬನಿ ಹೆಪ್ಪುಗಟ್ಟುವುದುಂಟು. ಬ್ರೆಕ್ ಎಂದರೆ ಹುಲ್ಲುಗಾವಲನ್ನು ಒಡೆದು ಕೆಲವು ವರ್ಷ ಉತ್ತು, ಸಾರ ಹೋದ ಮೇಲೆ ಮತ್ತೆ ಬೀಳು ಬಿಟ್ಟ ತುಂಡು. ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಳ್ಳುವ ಪದ್ಧತಿ ಅಲ್ಲಿ ನೂರಾರು ವರ್ಷ ನಡೆಯಿತು. ನಮ್ಮ ಕುರುಬ ಬಾಂಧವರಿಗೂ ಹೊಲದ ಒಡೆಯನಿಗೂ ಇರುವ ಕರಾರಿನಂತಲ್ಲ. ಮಂದೆ ನಿಲ್ಲಿಸುವ ಹಕ್ಕು ಜಮೀನ್ದಾರನದು, ಸಣ್ಣ ರೈತನಿಗೆ ಮಾತಾಡುವಂತಿರಲಿಲ್ಲ. ಅದರ ಮೇಲೆ ಮಾಂಸ ಮತ್ತು ತೊಗಲಿಗಾಗಿ ಮೊಲಗಳನ್ನು ಸಾಕುವ ಮೈದಾನಗಳನ್ನೂ ಬೆಳೆಸಿದರು. ಮೊಲ ಹುಲ್ಲನ್ನು ಬುಡ ಸಮೇತ ಕತ್ತರಿಸಿ ನೆಲ ಕೆದರಿತು. ಬೇರಿನ ಹಿಡಿತ ತಪ್ಪಿದ ಮರಳು ಎದ್ದು ನಡೆಯಿತು.

ಎಷ್ಟು ನಡೆಯಿತು ಎಂಬುದಕ್ಕೆ ಲಿಖಿತ ಸಾಕ್ಷಿ ಇದೆ. ವೆಸ್ಟ್ ಸ್ಟೋದ ಉತ್ತರಕ್ಕಿರುವ ಸ್ಯಾಂಟನ್ ಡೌನ್‌ಹ್ಯಾಮ್ ಎಂಬ ಹಳ್ಳಿಯ ಥಾಮಸ್ ರೈಟ್ ಎಂಬುವರು 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಗೆ ಒಂದು ಕಾಗದ ಬರೆದರು. ಮೈಲುಗಟ್ಟಲೆ ದೂರದ ಲೇಕನ್‌ಹೀತ್ ಕಡೆಯ ದಿಬ್ಬಗಳಿಂದ ಮರಳು ಎದ್ದು ಬಂದು ತಮ್ಮ ಊರಿನ ಮನೆಗಳನ್ನು ಮುಚ್ಚಿದ್ದು, ಹೊಳೆಯ ಪಾತ್ರವನ್ನು ಕಟ್ಟಿದ್ದು, ಅದನ್ನು ತಡೆಯಲು ತಾವು ಪಟ್ಟ ಪಾಡು, ಎಲ್ಲವನ್ನೂ ಬರೆದರು. ಬೇಲಿ ಕಟ್ಟಿದರು, ಮರಳು ಬೇಲಿಯ ಎತ್ತರಕ್ಕೆ ಬಂತು, ಅದರ ಮೇಲೆ ಇನ್ನೊಂದು ಬೇಲಿ ಕಟ್ಟಿದರು. ಕೊನೆಗೆ ಆ ಸೀಮೆಯ ದೊಡ್ಡ ಭಾಗವೊಂದಕ್ಕೆ 1922ರಿಂದ ಅರಣ್ಯ ಇಲಾಖೆ ಪೈನ್ ಗಿಡಗಳನ್ನು ನೆಟ್ಟಿತು. ಥೆಟ್‌ಫರ್ಡ್ ಅರಣ್ಯ ಎಂದು ಅದಕ್ಕೆ ಹೆಸರು.

ಚಿಕ್ಕ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಕೆಂಪು ಮರಳುಮಿಶ್ರಿತ ಭೂಮಿಯವರು ಕಟಾವಾದ ಮೇಲೆ ಕೂಳೆಯನ್ನು ಸುಡಬೇಡಿ, ಕಿತ್ತು ಹಾಕಲೂಬೇಡಿ. ಬದುವಿನ ಗಿಡಗಳನ್ನು ಕಡಿದು ಹೊಲ ಚೊಕ್ಕಟವಾಯಿತೆಂದು ಸಂತೋಷಪಡಬೇಡಿ. ವೈಶಾಖದ ಗಾಳಿಗೆ ಮೇಲಿನ ಎರಡು ಬೆರಳು ಮಣ್ಣು ಪಕ್ಕದ ಹೊಲಕ್ಕೆ ಹೋದರೆ ನೀವು ಹಾಕಿದ ಗೊಬ್ಬರವೂ ಅದರ ಜೊತೆಗೇ ಹೋಯಿತು.

ಸುಟ್ಟದ್ದೂ ಪಾಠ

2005ರಲ್ಲಿ ವೆಸ್ಟ್ ಸ್ಟೋದ ಹೊಸದಾಗಿ ಕಟ್ಟಿದ್ದ ಗುಂಡಿಮನೆಗಳಲ್ಲಿ ಒಂದು ಬೆಂಕಿ ಬಿದ್ದು ಸುಟ್ಟುಹೋಯಿತು. ಬೇರೆ ಕಡೆಯಾಗಿದ್ದರೆ ಬೂದಿ ಗುಡಿಸಿ, ಪಂಚನಾಮೆ ಬರೆದು, ಹೊಸ ಮನೆಗೆ ಟೆಂಡರ್ ಕರೆಯುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಸುಟ್ಟ ಜಾಗವನ್ನು ಸಾವಿರದೈನೂರು ವರ್ಷದ ಹಳೆಯ ಜಾಗವೋ ಎಂಬಂತೆ ಪದರ ಪದರವಾಗಿ ಬಿಡಿಸಿದರು. ಯಾವ ಹಲಗೆ ಎಲ್ಲಿ ಬಿತ್ತು, ಗುಂಡಿಯೊಳಗೆ ಏನು ಇಳಿಯಿತು, ಯಾವುದು ಪೂರ್ತಿ ಬೂದಿಯಾಯಿತು, ಯಾವುದು ಇದ್ದಿಲಾಗಿ ಉಳಿಯಿತು ಎಂದು ಅಳೆದು ಬರೆದರು. ಕಟ್ಟಿದ ಮನೆ ಹೇಗಿತ್ತೆಂದು ಗೊತ್ತಿದ್ದುದರಿಂದ, ಸುಟ್ಟ ಮೇಲೆ ಮಣ್ಣಿನಲ್ಲಿ ಅದರ ಗುರುತು ಎಷ್ಟು ಉಳಿಯುತ್ತದೆ ಎಂದು ತಾಳೆ ನೋಡುವಂತಾಯಿತು. ಈ ಕೆಲಸದ ವರದಿಯನ್ನು 2012ರಲ್ಲಿ ಪ್ರಕಟಿಸಿದ ಜೆಸ್ ಟಿಪ್ಪರ್ ಎಂಬುವರು, ಅದಕ್ಕೆ ಮೊದಲು 2004ರಲ್ಲಿ, ಇಂಗ್ಲೆಂಡಿನ ಇಂಥ ಗುಂಡಿಗಳೆಲ್ಲವನ್ನೂ ಕುರಿತು ಒಂದು ಗ್ರಂಥವನ್ನೇ ಬರೆದಿದ್ದರು. ಗುಂಡಿಯಲ್ಲಿ ಸಿಗುವ ಕಸಕ್ಕೂ ಆ ಮನೆಯಲ್ಲಿ ಬಾಳಿದವರಿಗೂ ಸಂಬಂಧ ಕಲ್ಪಿಸಬಾರದು ಎಂಬುದು ಅವರ ಎಚ್ಚರಿಕೆ. ಹಲಗೆ ನೆಲದ ವಾದವನ್ನು ಎಲ್ಲ ಊರಿನ ಎಲ್ಲ ಗುಂಡಿಗಳಿಗೂ ಹಚ್ಚಬಾರದು ಎನ್ನುವವರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ, ಮುಗಿಯುವ ಅವಸರವೂ ಅವರಿಗೆ ಇದ್ದಂತಿಲ್ಲ.

ನಮ್ಮ ಕೂರಿಗೆಯ ಕಥೆಯೂ ಮುಗಿದಿಲ್ಲ. ಮೇಳ ಮುಗಿದ ಮೇಲೆ ಬಡಗಿಯನ್ನು ಕರೆದುಕೊಂಡು ಆ ಅಜ್ಜಿಯ ಊರಿಗೆ ಹೋದೆ. ಅವರು ಹೇಳುವ ಮಾತಿಗಿಂತ ಕೈ ತೋರಿಸುವ ರೀತಿಯಲ್ಲೇ ಹೆಚ್ಚು ತಿಳಿಯುತ್ತಿತ್ತು. ಬಟ್ಟಲಿನ ತೂತು ಯಾವ ಕಡೆಗೆ ವಾಲಬೇಕು, ಹಿಡಿಯೊಳಗಿನ ಬೀಜವನ್ನು ಹೆಬ್ಬೆರಳಿನಿಂದ ಹೇಗೆ ನೂಕಬೇಕು, ಈಸನ್ನು ನೊಗಕ್ಕೆ ಎಷ್ಟು ಎತ್ತರ ಕಟ್ಟಿದರೆ ಬೀಜ ಎಷ್ಟು ಆಳಕ್ಕೆ ಬೀಳುತ್ತದೆ. ಎಲ್ಲವನ್ನೂ ಅಳತೆಪಟ್ಟಿ ಇಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ ಎಂದು ನಾನು ಬರೆಯುವಾಗ ಅವರು ಮೊಳಕೈ ಇಟ್ಟು ಅಳೆದು ತೋರಿಸಿದರು. ಎರಡನೆಯ ಕೂರಿಗೆಯಲ್ಲಿ ಎರಡು ತಾಳು ಸರಿಯಾಗಿ ಬಿತ್ತಿದವು. ಮೂರನೆಯದು ಬಡಗಿಯ ಮನೆಯ ಜಗಲಿಯ ಮೇಲಿದೆ. ಬಿದಿರಿನ ಕೊಳವೆ ಒಣಗಿ ಸೀಳಿದ್ದರಿಂದ ಬದಲಿಸಬೇಕಾಗಿದೆ. ಹಿಂಗಾರಿ ಮಳೆ ಸರಿಯಾಗಿ ಬಂದರೆ ಅಜ್ಜಿಯ ಮೊಮ್ಮಗ ಅರ್ಧ ಎಕರೆ ಕಡಲೆ ಬಿತ್ತಿ ನೋಡುವುದಾಗಿ ಒಪ್ಪಿದ್ದಾನೆ, ಬಾಡಿಗೆಗೆ ಒಂದು ಜೊತೆ ಎತ್ತು ಸಿಕ್ಕಿದರೆ. ನಿಮ್ಮ ಅಟ್ಟದ ಮೇಲೆ ಗೆದ್ದಲು ಹತ್ತದ ಹಳೆಯ ಕೂರಿಗೆ ಇದ್ದರೆ ಒಲೆಗೆ ಹಾಕುವ ಮೊದಲು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಒಂದು ಮಾತು ತಿಳಿಸಿ. ಬಟ್ಟಲಿನ ತೂತುಗಳ ಅಳತೆ ತೆಗೆದುಕೊಂಡು ವಾಪಸು ಕೊಡುತ್ತೇವೆ.